ಮೂರನೇ ಸಾಕ್ಷಿಯ ಹಾಳೆ

ನಮ್ಮ ದೊಡ್ಡಮ್ಮನಿಗೆ ಕೋರ್ಟಿನಲ್ಲಿ ಮಷೀನಮ್ಮ ಎಂದು ಹೆಸರು. ಇಪ್ಪತ್ತಾರು ವರ್ಷ ನ್ಯಾಯಾಧೀಶರ ಪೀಠದ ಕೆಳಗೆ, ಎಡಗಡೆಯ ಮೇಜಿನ ಹಿಂದೆ ಕೂತು ಸಾಕ್ಷಿಗಳ ಹೇಳಿಕೆ ಟೈಪ್ ಮಾಡಿದವರು. ಕೀಲಿಗಳ ಕಡೆ ನೋಡುತ್ತಲೇ ಇರಲಿಲ್ಲ. ಸಾಹೇಬರು ವಾಕ್ಯ ಮುಗಿಸುವ ಮೊದಲೇ ಮಷೀನಮ್ಮ ಪೂರ್ಣವಿರಾಮ ಒತ್ತಿರುತ್ತಾರೆ ಎಂದು ಅಲ್ಲಿನ ಗುಮಾಸ್ತರು ತಮಾಷೆ ಮಾಡುತ್ತಿದ್ದರು. ದೊಡ್ಡಮ್ಮನೂ ನಗುತ್ತಿದ್ದರು, ನಾವೂ ನಗುತ್ತಿದ್ದೆವು.

ನಾನು ಅವರ ತಂಗಿಯ ಮಗಳು. ಕನ್ನಡಕದ ಅಂಗಡಿಯೊಂದರಲ್ಲಿ ಕೆಲಸ ಸಿಕ್ಕಿತೆಂದು ಆರು ತಿಂಗಳಿಗೆ ಅಂತ ಅವರ ಮನೆಗೆ ಬಂದವಳು ಐದು ವರ್ಷ ಅಲ್ಲೇ ಠಿಕಾಣಿ ಹೂಡಿದೆ. ಎರಡು ಕೋಣೆಯ ಮನೆ. ಕಿಟಕಿಯ ಪಕ್ಕದ ಮಂಚ ದೊಡ್ಡಪ್ಪನದು. ಅವರು ಪೊಲೀಸ್ ಪೇದೆಯಾಗಿದ್ದವರು. ಡ್ಯೂಟಿ ಮುಗಿಸಿ ಬರುವಾಗ ಬೈಕಿನಿಂದ ಬಿದ್ದು ಸೊಂಟದ ಕೆಳಗೆ ಸ್ವಾಧೀನ ಕಳೆದುಕೊಂಡಿದ್ದರು. ಕಾಲು ಹೋದರೂ ಬಾಯಿ ಗಟ್ಟಿಯಾಗಿತ್ತು. ನನ್ನನ್ನು ಚಷ್ಮಾ ಎಂದು ಕರೆಯುತ್ತಿದ್ದರು, ನಾನು ಕನ್ನಡಕ ಹಾಕದಿದ್ದರೂ.

ಸಂಜೆ ಆರೂವರೆಗೆ ಆ ಮನೆಯಲ್ಲಿ ಪುಸ್ತಕ ತೆರೆಯುತ್ತಿತ್ತು. ಒಬ್ಬ ವಕೀಲೆ, ಒಬ್ಬ ಪತ್ತೇದಾರ, ಹದಿನಾಲ್ಕು ಕಾದಂಬರಿಗಳ ಸರಣಿ. ವಕೀಲೆಗೆ ಮೂಗಿನ ತುದಿಯಲ್ಲಿ ಕೋಪ, ಪತ್ತೇದಾರನಿಗೆ ಬಸ್ಸು ಹತ್ತಿದರೆ ನಿದ್ದೆ. ಅವನು ಊರೆಲ್ಲ ಅಲೆದು ತಂದ ಚೂರುಪಾರುಗಳನ್ನು ಅವಳು ಕೋರ್ಟಿನಲ್ಲಿ ಒಂದಕ್ಕೊಂದು ಹೊಂದಿಸುತ್ತಾಳೆ. ಕೊನೆಗೆ ಸುಳ್ಳು ಹೇಳಿದವನು ಕಟಕಟೆಯಲ್ಲಿ ನಿಂತು ಬೆವರುತ್ತಾನೆ. ಹದಿನಾಲ್ಕರಲ್ಲೂ ಇಷ್ಟೇ. ಆದರೂ ದೊಡ್ಡಮ್ಮ ಓದುವಾಗ ಕುಕ್ಕರ್ ಎಷ್ಟು ಸೀಟಿ ಹೊಡೆಯಿತೆಂದು ಯಾರಿಗೂ ಗೊತ್ತಾಗುತ್ತಿರಲಿಲ್ಲ. ಎಷ್ಟು ಸಲ ಅನ್ನ ಮುದ್ದೆಯಾಗಿದೆಯೋ ಲೆಕ್ಕವಿಲ್ಲ.

ದಿನಕ್ಕೆ ಒಂದೇ ಅಧ್ಯಾಯ. ದೊಡ್ಡಮ್ಮ ಗಟ್ಟಿಯಾಗಿ ಓದಿ ಪುಸ್ತಕ ಮಡಚಬೇಕು, ಆಮೇಲೆ ಇಬ್ಬರೂ ಕೊಲೆಗಾರ ಯಾರೆಂದು ಹೇಳಬೇಕು. ದೊಡ್ಡಮ್ಮ ವಕೀಲೆಯ ಕಡೆ, ದೊಡ್ಡಪ್ಪ ಪತ್ತೇದಾರನ ಕಡೆ. ಪುಸ್ತಕ ಮುಗಿದಾಗ ಸೋತವರು ಒಂದು ಗಂಟೆ ಬಾಯಿ ಮುಚ್ಚಿಕೊಂಡು ಕೂರಬೇಕು. ದೊಡ್ಡಪ್ಪನಿಗೆ ಅದಕ್ಕಿಂತ ದೊಡ್ಡ ಶಿಕ್ಷೆ ಇರಲಿಲ್ಲ. ದೊಡ್ಡಮ್ಮನಿಗೆ ಪುಸ್ತಕದ ಮೇಲೆ ಒಂದೇ ದೂರು.

"ನೋಡ್ರೀ, ಇಷ್ಟು ದೊಡ್ಡ ಕೋರ್ಟು, ಇಷ್ಟೊಂದು ಸಾಕ್ಷಿ. ಒಬ್ಬ ಟೈಪಿಸ್ಟ್ ಇಲ್ಲ. ಎಲ್ಲಾ ತಾನಾಗೇ ಟೈಪ್ ಆಗ್ಬಿಡುತ್ತೆ ಇವರಿಗೆ."

"ಪೇದೆ ಇದಾನಲ್ಲೇ. ಬಾಗಿಲು ತೆಗೆಯೋಕೆ" ಎನ್ನುತ್ತಿದ್ದರು ದೊಡ್ಡಪ್ಪ.

ಕೋರ್ಟಿನಲ್ಲಿ ನಿಜವಾಗಿ ನಡೆಯುವುದನ್ನು ನಾನು ಕೇಳಿ ತಿಳಿದುಕೊಂಡಿದ್ದೆ. ಸಾಕ್ಷಿ ತನಗೆ ಬಂದ ಹಾಗೆ ಮಾತಾಡುತ್ತಾನೆ. ನ್ಯಾಯಾಧೀಶರು ಅದನ್ನು ನೆಟ್ಟಗೆ ಮಾಡಿ, ಸಣ್ಣ ವಾಕ್ಯಗಳಲ್ಲಿ ಹೇಳಿ ಬರೆಸುತ್ತಾರೆ. ದೊಡ್ಡಮ್ಮ ಪ್ರತಿ ಸಾಕ್ಷಿಗೂ ಹೊಸ ಹಾಳೆ ಶುರು ಮಾಡುತ್ತಿರಲಿಲ್ಲ. ಕಂಪ್ಯೂಟರಿನಲ್ಲಿ ಹಿಂದಿನ ಸಾಕ್ಷಿಯದನ್ನೇ ತೆರೆದು, ಹೆಸರು, ವಯಸ್ಸು, ಕಸುಬು ಬದಲಿಸಿ, ಹಳೆಯದನ್ನು ಅಳಿಸುತ್ತಾ ಹೊಸದನ್ನು ತುಂಬುತ್ತಾ ಹೋಗುತ್ತಿದ್ದರು. ಎಲ್ಲ ಕೋರ್ಟುಗಳಲ್ಲೂ ಹಾಗೇ ಅಂತೆ. ಎರಡು ಸಾಲುಗಳನ್ನು ಮಾತ್ರ ಮುಟ್ಟುತ್ತಿರಲಿಲ್ಲ, ಏಕೆಂದರೆ ಹತ್ತರಲ್ಲಿ ಒಂಬತ್ತು ಸಾಕ್ಷಿಗಳಿಗೆ ಅವು ಬೇಕೇ ಬೇಕು. ಒಂದು, "ಈಗ ನ್ಯಾಯಾಲಯದ ಮುಂದೆ ಹಾಜರಿರುವ ಆರೋಪಿಯನ್ನೇ ನಾನು ಅಂದು ನೋಡಿದ್ದು, ಆತನನ್ನು ಗುರುತಿಸುತ್ತೇನೆ." ಇನ್ನೊಂದು ಹಾಳೆಯ ತಳದಲ್ಲಿ, "ಓದಿ ಹೇಳಲಾಯಿತು, ಸರಿಯಿದೆಯೆಂದು ಒಪ್ಪಿದರು." ಯಾರೂ ಯಾರಿಗೂ ಓದಿ ಹೇಳುತ್ತಿರಲಿಲ್ಲ. ದಿನಕ್ಕೆ ಹತ್ತು ಹನ್ನೆರಡು ಸಾಕ್ಷಿ ಇದ್ದರೆ ಓದಿ ಹೇಳುತ್ತಾ ಕೂರುವವರು ಯಾರು? ಸಾಕ್ಷಿಯೂ ಒಮ್ಮೆ ಹೊರಗೆ ಬಿಟ್ಟರೆ ಸಾಕೆಂದು ಸಹಿ ಹಾಕಿ ನಡೆಯುತ್ತಿದ್ದ.

ದರ್ಜಿಯ ಕೇಸು ಬಂದದ್ದು ಹಾಗೆ ಕೆಲಸ ರಾಶಿ ಬಿದ್ದಿದ್ದ ಕಾಲದಲ್ಲಿ. ಬಟ್ಟೆ ಹೊಲಿಯುವ ಅವನ ಅಂಗಡಿಗೆ ಅಂಟಿಕೊಂಡು ಪುಸ್ತಕಕ್ಕೆ ರಟ್ಟು ಕಟ್ಟುವ ಮುದುಕನೊಬ್ಬನ ಅಂಗಡಿ ಇತ್ತು. ನಡುವಿನ ಗೋಡೆಯ ಬಾಗಿಲಿನ ವಿಷಯಕ್ಕೆ ಇಬ್ಬರೂ ಬೀದಿಯಲ್ಲಿ ನಿಂತು ಕಿತ್ತಾಡಿದ್ದರು. ವಾರದ ನಂತರ ಮುಸ್ಸಂಜೆಗೆ ಮುದುಕನ ಅಂಗಡಿಗೆ ಬೆಂಕಿ ಬಿತ್ತು. ಅಂಟು, ಕಾಗದ, ರಟ್ಟು. ಮುದುಕನಿಗೆ ಹೊರಗೆ ಬರಲಾಗಲಿಲ್ಲ. ಜಗಳದ ಕಾರಣಕ್ಕೆ ಪೊಲೀಸರು ದರ್ಜಿಯನ್ನು ಹಿಡಿದಿದ್ದರು. ಸೀಮೆಎಣ್ಣೆಯ ಡಬ್ಬ ಹಿಡಿದು ಹಿಂದಿನ ಓಣಿಯಿಂದ ಒಬ್ಬ ಹೊರಬಂದದ್ದನ್ನು ಎದುರಿನ ಇಸ್ತ್ರಿ ಅಂಗಡಿಯವಳು ಕಂಡಿದ್ದಳು. ಅವಳೇ ಮೂರನೇ ಸಾಕ್ಷಿ. ಬೇರೆ ಯಾರೂ ಏನನ್ನೂ ನೋಡಿರಲಿಲ್ಲ.

ಅವಳು ಕಟಕಟೆ ಹತ್ತಿದ ಸಂಜೆ ದೊಡ್ಡಮ್ಮ ಪುಸ್ತಕ ತೆರೆಯುವ ಮೊದಲು ಅವಳ ಕಥೆಯನ್ನೇ ಹೇಳಿದರು. ಸರ್ಕಾರಿ ವಕೀಲರು ಆರೋಪಿಯನ್ನು ತೋರಿಸಿ, ನೀವು ನೋಡಿದ್ದು ಇವನನ್ನೇ ಅಲ್ಲವೇ ಎಂದು ಕೇಳಿದರಂತೆ. ಅವಳು ಸೊಂಟಕ್ಕೆ ಕೈಯಿಟ್ಟು, "ಸ್ವಾಮಿ, ನಾನು ಇಸ್ತ್ರಿ ಹಾಕೋಳು. ಶರ್ಟ್ ನೋಡ್ತೀನಿ. ನೀಲಿ ಶರ್ಟು, ಕಾಲರ್ ಸುಕ್ಕಾಗಿತ್ತು. ಮುಖ ನಾನ್ಯಾಕೆ ನೋಡಲಿ, ಮುಖಕ್ಕೇನು ಇಸ್ತ್ರಿ ಹಾಕ್ತೀನಾ?" ಎಂದಳಂತೆ. ಕೋರ್ಟಿಗೆ ಕೋರ್ಟೇ ನಕ್ಕಿತ್ತು. ನಾವೂ ಹೊಟ್ಟೆ ಹುಣ್ಣಾಗುವಷ್ಟು ನಕ್ಕೆವು. ಮುಂದೆ ಎಷ್ಟೋ ದಿನ ಯಾರಾದರೂ ಸಪ್ಪಗೆ ಕೂತರೆ ದೊಡ್ಡಪ್ಪ, "ಮುಖಕ್ಕೊಂಚೂರು ಇಸ್ತ್ರಿ ಹಾಕಿಸ್ಕೊ" ಎನ್ನುತ್ತಿದ್ದರು.

ಆ ನಗುವಿನ ನಡುವೆಯೇ ಅನಾಹುತ ಆಗಿಹೋಗಿತ್ತು. ಆಗಿನ ನ್ಯಾಯಾಧೀಶರಿಗೆ ವರ್ಗವಾಗಿತ್ತು. ಹೋಗುವ ಮೊದಲು ಸಾಕ್ಷಿಗಳನ್ನೆಲ್ಲ ಮುಗಿಸುವ ಅವಸರ. ಅವರೂ ನಕ್ಕು, "ಸರಿ, ಅವಳು ಹೇಳಿದ್ದನ್ನ ಬರ್ಕೊಳ್ಳಿ, ಮುಂದಿನವರು" ಎಂದರಂತೆ. ದೊಡ್ಡಮ್ಮ ನಗುತ್ತಾ ಕಣ್ಣೊರೆಸಿಕೊಂಡರು. ಅಷ್ಟರಲ್ಲಿ ನಾಲ್ಕನೇ ಸಾಕ್ಷಿ ಬಂದು ನಿಂತಿದ್ದ. ಹಾಳೆ ಹೊರಗೆ ಬಂತು, ಹೆಬ್ಬೆಟ್ಟು ಬಿತ್ತು, ಸಾಹೇಬರ ಸಹಿ ಬಿತ್ತು. ಅಳಿಸಬೇಕಾಗಿದ್ದ ಗುರುತಿನ ಸಾಲು ಇದ್ದಲ್ಲೇ ಇತ್ತು. ಮುಖ ನೋಡಿಲ್ಲ ಎಂಬ ಮಾತು ಎಲ್ಲೂ ಇರಲಿಲ್ಲ. ದರ್ಜಿಯ ವಕೀಲರು, ಸಾಕ್ಷಿ ತಮಗೆ ಅನುಕೂಲವಾಗಿಯೇ ಮಾತಾಡಿದ್ದಾಳೆ, ಸುಮ್ಮನೆ ಯಾಕೆ ಕೆದಕಲಿ ಎಂದು ಎದ್ದು ನಿಂತು, "ಪಾಟೀ ಸವಾಲು ಇಲ್ಲ" ಎಂದಿದ್ದರು. ಅದನ್ನು ಮಾತ್ರ ದೊಡ್ಡಮ್ಮ ತಪ್ಪಿಲ್ಲದೆ ಟೈಪ್ ಮಾಡಿದ್ದರು.

ವರ್ಷ ಕಳೆಯಿತು. ದರ್ಜಿಯ ವಕೀಲರೂ ಆ ಹಾಳೆಯನ್ನು ತೆಗೆದು ಓದಲಿಲ್ಲ. ಹೊಸ ನ್ಯಾಯಾಧೀಶರು ಬಂದರು. ಅವರು ಇಸ್ತ್ರಿಯವಳನ್ನು ನೋಡಿದವರಲ್ಲ, ಆ ನಗುವನ್ನು ಕೇಳಿದವರಲ್ಲ. ಅವರ ಮುಂದೆ ಇದ್ದದ್ದು ಹಾಳೆ. ತೀರ್ಪು ಹೇಳಿ ಬರೆಸಲು ದೊಡ್ಡಮ್ಮನನ್ನು ಕೋಣೆಗೆ ಕರೆದರು. "ಮೂರನೇ ಸಾಕ್ಷಿಯು ಆರೋಪಿಯನ್ನು ಖಚಿತವಾಗಿ ಗುರುತಿಸಿದ್ದಾಳೆ. ಆಕೆಗೆ ಪಾಟೀ ಸವಾಲು ಮಾಡಲಾಗಿಲ್ಲ. ಆಕೆಯ ಮಾತನ್ನು ನಂಬದಿರಲು ಕಾರಣಗಳಿಲ್ಲ." ದೊಡ್ಡಮ್ಮ ಮೂರು ವಾಕ್ಯವನ್ನೂ ಟೈಪ್ ಮಾಡಿದರು. ಕೈ ನಿಲ್ಲಲಿಲ್ಲವಂತೆ. ಆ ಸಾಲು ಅಳಿಸಿಲ್ಲವೆಂದು ಹೊಳೆದರೂ ಬೆರಳು ತಮ್ಮ ಪಾಡಿಗೆ ತಾವು ಓಡಿದವಂತೆ. ತೀರ್ಪನ್ನು ಮರುದಿನ ಓದುವುದಿತ್ತು.

ಆ ಸಂಜೆ ಅವರು ಚಪ್ಪಲಿ ಬಿಡದೆ ಒಳಗೆ ಬಂದು ಮಂಚದ ತುದಿಯಲ್ಲಿ ಕೂತರು. ಎಲ್ಲವನ್ನೂ ಹೇಳಿದರು. ದೊಡ್ಡಪ್ಪ ಕೈಚಾಚಿ ಕಿಟಕಿಯ ಬಾಗಿಲು ಎಳೆದುಕೊಂಡರು.

"ಸುಮ್ನಿರು" ಎಂದರು. "ಇನ್ನೆರಡು ವರ್ಷಕ್ಕೆ ನಿವೃತ್ತಿ. ಈಗ ಬಾಯಿ ಬಿಟ್ರೆ ನಿನ್ನ ತಲೆ ಮೇಲೆ ಬರುತ್ತೆ. ನಾನು ಠಾಣೇಲಿ ಕೂತ್ಕೊಂಡೇ ಎಷ್ಟು ಪಂಚನಾಮೆ ಬರೆದಿಲ್ಲ? ಸ್ಥಳಕ್ಕೆ ಹೋದೆ, ನೋಡಿದೆ ಅಂತ ಬರೆದು ಚಹಾದಂಗಡೀಲಿ ನಿಂತೋರ ಹತ್ರ ಸಹಿ ಹಾಕಿಸಿದೀನಿ. ಎಲ್ಲಾ ಹಂಗೇ ನಡೆಯೋದು."

"ಅವರೆಲ್ಲ ಏನಾದ್ರು?"

"ಗೊತ್ತಿಲ್ಲ."

"ಹದಿಮೂರು ಪುಸ್ತಕ ಓದಿ ಹೇಳಿದೀನಿ ನಿಮಗೆ. ಒಂದು ಸಲಾನೂ ನೀವು ಅಂಥ ಪೇದೆ ಕಡೆ ಮಾತಾಡಿಲ್ಲ."

"ಪುಸ್ತಕ ಬೇರೆ ಕಣೇ. ಹೋಗ್ಲಿ, ಆ ದರ್ಜೀನೇ ಬೆಂಕಿ ಹಾಕಿದ್ರೆ?"

"ಹಾಕಿರಬಹುದು" ಎಂದರು ದೊಡ್ಡಮ್ಮ. "ಆದ್ರೆ ಅವಳು ಹಂಗಂತ ಹೇಳಿಲ್ಲ."

ಆ ಮಾತು ಕೇಳಿ ನನಗೆ ದೊಡ್ಡಮ್ಮನ ಮೇಲೆ ಎಷ್ಟು ಪ್ರೀತಿ ಬಂತೆಂದರೆ, ಮುಂದೆ ಆದದ್ದೆಲ್ಲ ಆಗುವಾಗಲೂ ಅದು ಕಡಿಮೆಯಾಗಲಿಲ್ಲ. ದರ್ಜಿ ತಪ್ಪಿತಸ್ಥನೋ ಅಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ. ಕೊನೆಯ ಪುಟದಲ್ಲಿ ಯಾರೂ ಬಂದು ಹೇಳಿಲ್ಲ.

ಮರುದಿನ ಕೋರ್ಟು ಕೂರುವ ಮೊದಲೇ ದೊಡ್ಡಮ್ಮ ನ್ಯಾಯಾಧೀಶರ ಕೋಣೆಗೆ ಹೋದರು. ಅವರು ಒಳ್ಳೆಯವರೇ. ಕೂಗಾಡಲಿಲ್ಲ.

"ದಿನಕ್ಕೆ ಹತ್ತು ಸಾಕ್ಷಿ ಟೈಪ್ ಮಾಡ್ತೀರಿ. ವರ್ಷದ ಹಿಂದಿನ ಒಂದು ಮಾತು ನಿಮಗೆ ನೆನಪಿರೋದು ಹೇಗಮ್ಮ?"

"ಮನೇಲಿ ಹೇಳಿ ನಕ್ಕಿದ್ವಿ ಸರ್."

"ನೀವು ಮನೇಲಿ ನಕ್ಕಿದ್ದು ದಾಖಲೆ ಆಗಲ್ಲ. ಈ ಹಾಳೇಲಿ ಸಾಕ್ಷಿಯ ಹೆಬ್ಬೆಟ್ಟಿದೆ, ಹಿಂದಿನವರ ಸಹಿ ಇದೆ. ಓದಿ ಹೇಳಲಾಯಿತು ಅಂತ ನೀವೇ ಟೈಪ್ ಮಾಡಿದೀರಿ." ಕಡತ ಮುಚ್ಚಿ, "ಆರೋಪಿ ವಕೀಲರು ಅರ್ಜಿ ಹಾಕಲಿ. ಆಕೆಯನ್ನ ಮತ್ತೆ ಕರೆಸೋಣ. ಹದಿನೈದು ದಿನ ಕೊಡ್ತೀನಿ" ಎಂದರು. ದೊಡ್ಡಮ್ಮನಿಗೆ ಕಾರಣ ಕೇಳಿ ನೋಟಿಸನ್ನೂ ಕೊಟ್ಟರು. ಕೊಡಲೇಬೇಕಿತ್ತು.

ಆ ಹದಿನೈದು ದಿನ ನಮ್ಮ ಮನೆಯಲ್ಲಿ ಸಂಭ್ರಮ ಎಂದರೆ ನೀವು ನಂಬಲಿಕ್ಕಿಲ್ಲ. ಸುಮ್ಮನಿರು ಎಂದಿದ್ದ ದೊಡ್ಡಪ್ಪನೇ ಎಲ್ಲರಿಗಿಂತ ಮುಂದೆ. ಹದಿನಾಲ್ಕನೇ ಪುಸ್ತಕದ ಕೊನೆಯ ಅಧ್ಯಾಯಗಳು ಉಳಿದಿದ್ದವು. ಅದರಲ್ಲೂ ಸಾಕ್ಷಿಯೊಬ್ಬಳನ್ನು ಮತ್ತೆ ಕರೆಸುತ್ತಾರೆ. ವಕೀಲೆ ಒಂದೇ ಒಂದು ಪ್ರಶ್ನೆ ಕೇಳುತ್ತಾಳೆ, ಕಟಕಟೆಯಲ್ಲಿದ್ದವಳು ಗಳಗಳನೆ ಅತ್ತು ನಿಜ ಹೇಳುತ್ತಾಳೆ. ಆ ಪುಟವನ್ನು ದೊಡ್ಡಪ್ಪ ಮೂರು ಸಲ ಓದಿಸಿದರು. "ನಮ್ಮೋಳು ಅಳೋದೂ ಬೇಕಿಲ್ಲ, ಅವತ್ತು ಹೇಳಿದ್ದನ್ನೇ ಇನ್ನೊಂದ್ಸಲ ಹೇಳಿದ್ರೆ ಸಾಕು" ಎಂದರು. ದೊಡ್ಡಮ್ಮ ಇಸ್ತ್ರಿ ಮಾಡಿದ ಸೀರೆ ಉಟ್ಟು ಕೋರ್ಟಿಗೆ ಹೋಗತೊಡಗಿದರು. ನಾನು ಅಂಗಡಿಯಲ್ಲಿ ಗಿರಾಕಿಗಳಿಗೆಲ್ಲ ಈ ಕಥೆ ಹೇಳಿದೆ. ನಾವು ಮೂವರೂ ಎಂಥ ಮೂರ್ಖರು. ಪುಸ್ತಕ ಓದಿ ಖುಷಿಪಟ್ಟದ್ದು ತಪ್ಪಲ್ಲ. ಅದರ ಕೊನೆಯ ಅಧ್ಯಾಯವನ್ನು ನಮ್ಮದೆಂದು ತಿಳಿದದ್ದು ತಪ್ಪು.

ಮಧ್ಯೆ ಒಂದು ದಿನ ನಾನು ಆ ಬೀದಿಗೆ ಹೋಗಿ ಇಸ್ತ್ರಿಯವಳನ್ನು ನೋಡಿ ಬರಲೇ ಎಂದು ಕೇಳಿದೆ. ಸಾಕ್ಷಿಯ ಹತ್ತಿರ ಸುಳಿಯಬಾರದು, ಅದು ಇನ್ನೊಂದು ಅಪರಾಧ ಎಂದು ದೊಡ್ಡಪ್ಪ ಗದರಿದರು. ಸರಿಯಾಗಿಯೇ ಹೇಳಿದರು. ಆದರೆ ಹೋಗಿದ್ದರೆ, ಸತ್ತ ಮುದುಕನ ಗಂಡುಮಕ್ಕಳ ಮನೆಯ ಬಟ್ಟೆ ಅವಳ ಮೇಜಿನ ಮೇಲೆ ಇರುವುದನ್ನಾದರೂ ಕಾಣುತ್ತಿದ್ದೆ. ವರ್ಷವಿಡೀ ಬೀದಿಯ ಜನ ಅವಳಿಗೆ, "ನೀನು ಗಟ್ಟಿಯಾಗಿ ಸಾಕ್ಷಿ ಹೇಳಿದ್ದಕ್ಕೆ ಅವನು ಸಿಕ್ಕಿಬಿದ್ದ" ಎನ್ನುತ್ತಾ ಬಂದಿದ್ದರೆಂಬುದು ಆಮೇಲೆ ತಿಳಿಯಿತು.

ಮತ್ತೆ ಕರೆಸಿದ ದಿನ ನಾನು ರಜೆ ಹಾಕಿ ಹೋಗಿ ಹಿಂದಿನ ಬೆಂಚಿನಲ್ಲಿ ಕೂತೆ. ದರ್ಜಿಯನ್ನು ಮೊದಲ ಸಲ ನೋಡಿದೆ. ಸಣಕಲು ಮನುಷ್ಯ, ಜಾಮೀನಿನ ಮೇಲೆ ಹೊರಗಿದ್ದವನು ಹೆಂಡತಿಯನ್ನೂ ಕರೆದುಕೊಂಡು ಬಂದಿದ್ದ. ಆ ಕೋರ್ಟಿಗೆ ಇದ್ದವರೊಬ್ಬರೇ ಟೈಪಿಸ್ಟ್, ಹಾಗಾಗಿ ಕೀಲಿಗಳ ಮುಂದೆ ದೊಡ್ಡಮ್ಮನೇ. ಇಸ್ತ್ರಿಯವಳು ಕಟಕಟೆ ಹತ್ತಿದಳು. ಸೊಂಟದ ಮೇಲೆ ಕೈಯಿಡಲಿಲ್ಲ. ಎರಡು ಕೈಯಿಂದಲೂ ಕಟಕಟೆಯ ಕಂಬಿ ಹಿಡಿದುಕೊಂಡಿದ್ದಳು.

ದರ್ಜಿಯ ವಕೀಲರು ಕೇಳಿದರು, "ಅವತ್ತು ನೀವು ಮುಖ ನೋಡಿಲ್ಲ, ಶರ್ಟ್ ಮಾತ್ರ ನೋಡಿದ್ದು ಅಂತ ಹೇಳಿದ್ರಿ ಅಲ್ವೇನಮ್ಮ?"

"ಏನು ಹೇಳಿದ್ನೋ ಸ್ವಾಮಿ. ಬಹಳ ದಿನ ಆಯ್ತು. ಬರ್ಕೊಂಡಿದಾರಲ್ಲ, ಅದರಲ್ಲಿರುತ್ತೆ."

ಸರ್ಕಾರಿ ವಕೀಲರು ಎದ್ದು ಹಾಳೆಯನ್ನು ಅವಳ ಮುಂದೆ ಹಿಡಿದರು. "ಇದು ನಿಮ್ಮ ಹೆಬ್ಬೆಟ್ಟಾ?"

"ಹೌದು."

"ಇದರಲ್ಲಿ, ಈ ಆರೋಪಿಯನ್ನೇ ನೋಡಿದ್ದು, ಗುರುತಿಸ್ತೀನಿ ಅಂತ ಇದೆ. ನೀವು ಕೋರ್ಟಲ್ಲಿ ಸುಳ್ಳು ಹೇಳಿದ್ರಾ?"

"ನಾನ್ಯಾಕೆ ಸುಳ್ಳು ಹೇಳಲಿ?"

"ಹಾಗಾದ್ರೆ ಇದು ನಿಜ?"

ಅವಳು ದರ್ಜಿಯ ಕಡೆ ನೋಡಿದಳು. ಬಹಳ ಹೊತ್ತು ನೋಡಿದಳು. ಆ ಹೊತ್ತಿನಲ್ಲಿ ಅವಳ ತಲೆಯೊಳಗೆ ಏನಾಯಿತೆಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ. ಅವಳು ಸುಳ್ಳುಗಾತಿಯಲ್ಲ. ಸುಳ್ಳುಗಾತಿಯಾಗಿದ್ದರೆ ನನಗೆ ಇಷ್ಟು ಸಂಕಟವಾಗುತ್ತಿರಲಿಲ್ಲ.

"ಕಾಗದದಲ್ಲಿ ಇದೆ ಅಂದ್ರೆ ನೋಡಿರ್ತೀನಿ" ಎಂದಳು. ಆಮೇಲೆ, "ಹೂಂ, ನೋಡ್ದೆ. ಈಗ ನೆನಪಾಗುತ್ತೆ. ಹಿಂಗೇ ತಲೆ ತಗ್ಗಿಸಿದ್ದ. ಇವನೇ."

ನ್ಯಾಯಾಧೀಶರು ಅದನ್ನು ನಿಧಾನವಾಗಿ ಹೇಳಿ ಬರೆಸಿದರು. ದೊಡ್ಡಮ್ಮ ಟೈಪ್ ಮಾಡಿದರು. ಈ ಸಲ ನ್ಯಾಯಾಧೀಶರು ತಾವೇ ಹಾಳೆ ತೆಗೆದುಕೊಂಡು, ಒಂದೊಂದೇ ಸಾಲನ್ನು ಅವಳಿಗೆ ಓದಿ ಹೇಳಿದರು. ಅವಳು ಪ್ರತಿ ಸಾಲಿಗೂ ಸರಿ ಎಂದಳು. ಇಪ್ಪತ್ತಾರು ವರ್ಷದಲ್ಲಿ ಆ ಕೋರ್ಟಿನಲ್ಲಿ ಸಾಕ್ಷಿಗೆ ಹೇಳಿಕೆ ಓದಿ ಹೇಳಿದ್ದು ಅದೇ ಮೊದಲು ಎಂದು ದೊಡ್ಡಮ್ಮ ಆಮೇಲೆ ಹೇಳಿದರು. ನನಗೆ ಎದ್ದು ಕಿರುಚಬೇಕೆನಿಸಿತು. ಏನೆಂದು ಕಿರುಚಲಿ? ತಪ್ಪಿದ್ದದ್ದು ಈಗ ಸರಿಯಾಗಿಬಿಟ್ಟಿತ್ತು.

ಮಧ್ಯಾಹ್ನ ಊಟದ ನಂತರ ತೀರ್ಪು ಓದಿದರು. ಹತ್ತು ವರ್ಷ. ದರ್ಜಿಯ ಹೆಂಡತಿಗೆ ಮೊದಲು ಅರ್ಥವಾಗಲಿಲ್ಲ. ಎಷ್ಟು ದಿನ ಎಂದು ಪಕ್ಕದಲ್ಲಿದ್ದವರನ್ನು ಕೇಳಿದಳು. ಅವರು ಹೇಳಿದ ಮೇಲೆ ಅಲ್ಲೇ ನೆಲದ ಮೇಲೆ ಕೂತಳು. ಮೇಲ್ಮನವಿ ಹಾಕೋಣ ಎಂದು ಅವರ ವಕೀಲರು ಹೇಳುತ್ತಿದ್ದರು. ಮೂರನೇ ಸಾಕ್ಷಿ ಈಗ ಎರಡು ಸಲ ಹೇಳಿದ್ದಾಳೆ, ಎರಡನೆಯದನ್ನು ಓದಿಯೂ ಹೇಳಿದ್ದಾರೆ. ಮೇಲಿನ ಕೋರ್ಟು ಏನು ಮಾಡುತ್ತದೆಂದು ಅವರಿಗೂ ಗೊತ್ತಿತ್ತು.

ಜೈಲಿಗೆ ಕಳಿಸುವ ವಾರಂಟು ಸಿದ್ಧವಾಗುವವರೆಗೆ ದರ್ಜಿಯನ್ನು ಹೊರಗಿನ ಜಗಲಿಯಲ್ಲಿ ಕೂರಿಸಿದ್ದರು, ಅಕ್ಕಪಕ್ಕ ಇಬ್ಬರು ಪೇದೆಗಳು. ದೊಡ್ಡಮ್ಮ ನೇರವಾಗಿ ಅವನ ಹತ್ತಿರ ಹೋದರು. ನಾನು ತೋಳು ಹಿಡಿದೆ, ಕೊಡವಿಕೊಂಡರು. ಅವನು ಬೈಯಲಿ, ಉಗಿಯಲಿ ಎಂದೇ ಹೋದರೆಂದು ನನಗನಿಸುತ್ತದೆ. ಬೈದಿದ್ದರೆ ಒಳ್ಳೆಯದಿತ್ತು.

"ನಂದೇ ತಪ್ಪು" ಎಂದರು ದೊಡ್ಡಮ್ಮ. "ಅಳಿಸಬೇಕಾಗಿತ್ತು. ಅಳಿಸಲಿಲ್ಲ."

ದರ್ಜಿ ಅವರನ್ನು ನೋಡಿದ. ಕೋಪವಿರಲಿಲ್ಲ.

"ವಕೀಲರು ಹೇಳಿದ್ರು. ನೀವಾಗೇ ಹೋಗಿ ಒಪ್ಕೊಂಡ್ರಂತೆ. ಯಾರು ಒಪ್ಕೋತಾರಮ್ಮ ಈ ಕಾಲದಲ್ಲಿ." ಕಂಬಕ್ಕೆ ಒರಗಿ ಕೂತಿದ್ದ ಹೆಂಡತಿಯ ಕಡೆ ನೋಡಿ ಅವನೇ ಮುಂದುವರಿಸಿದ. "ಆ ಇಸ್ತ್ರಿಯಮ್ಮ ಮೊದಲನೇ ಸಲ ಬಂದಾಗ ನಾನು ನಿಮ್ಮ ಕೈಯನ್ನೇ ನೋಡ್ತಿದ್ದೆ. ನಾನೂ ಕೈ ಕೆಲಸದವನೇ ಅಲ್ವಾ. ಎಂಥಾ ಓಟ, ಒಂದು ಕಡೆ ತಡವರಿಸಲ್ಲ ಅನ್ಕೊಂಡೆ. ಅವತ್ತು ಮನೆಗೆ ಹೋಗಿ ಇವಳಿಗೆ ಹೇಳ್ದೆ, ಆಯಮ್ಮ ಮುಖ ನೋಡಿಲ್ಲ ಅಂತ ಹೇಳಿದ್ಲು, ಕೆಳಗೆ ಕೂತಿದ್ದ ಮೇಡಂ ಎಲ್ಲಾ ಬರ್ಕೊಂಡ್ರು, ಇನ್ನು ಭಯ ಇಲ್ಲ ಅಂತ. ಬಹಳ ದಿನದ ಮೇಲೆ ಅವತ್ತು ಇಬ್ರೂ ಹೊಟ್ಟೆ ತುಂಬ ಉಂಡ್ವಿ."

ಒಳಗಿನಿಂದ ಗುಮಾಸ್ತರು, ವಾರಂಟು ಟೈಪ್ ಆಗಬೇಕು, ವ್ಯಾನು ಕಾಯುತ್ತಿದೆ ಎಂದು ಕರೆದರು. ದೊಡ್ಡಮ್ಮ ಸೆರಗು ಸರಿಮಾಡಿಕೊಂಡು ಒಳಗೆ ಹೋದರು.